ಶಾಲಾ ಪತ್ರಿಕೆಗೆ ಚಿತ್ರ ಬಿಡಿಸುವವರಿಗೆ: ಪೆನ್ಸಿಲಿನಿಂದ ಅಚ್ಚಿನವರೆಗೆ

"ಸರ್, ಹಾಳೆಯಲ್ಲಿ ಚೆನ್ನಾಗೇ ಇತ್ತು. ಪತ್ರಿಕೆಯಲ್ಲಿ ಬಂದಾಗ ಮಸಿ ಮೆತ್ತಿದ ಹಾಗೆ ಆಗಿದೆ. ಯಾಕೆ?"

ಹೈಸ್ಕೂಲ್ ಮಕ್ಕಳಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಎರಡನೆಯದು, "ಲೇಖನ ಕೊಟ್ಟು ಇದಕ್ಕೊಂದು ಚಿತ್ರ ಬಿಡಿಸು ಅಂತಾರೆ, ಏನು ಬಿಡಿಸಬೇಕು ಅಂತ ಹೊಳೆಯೋದೇ ಇಲ್ಲ." ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುತ್ತಾ ಬಂದಿದ್ದೇನೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಶಾಲೆಗಳಲ್ಲಿ ಪತ್ರಿಕೆ ಅಂದರೆ ಸಾಮಾನ್ಯವಾಗಿ ಮೂರು ಬಗೆ. ಒಂದು, ಡ್ರಾಯಿಂಗ್ ಶೀಟಿನ ಮೇಲೆ ಬರೆದು ಬೋರ್ಡಿಗೆ ಅಂಟಿಸುವ ಗೋಡೆ ಪತ್ರಿಕೆ. ಎರಡು, ಎ3 ಹಾಳೆಯನ್ನು ಮಡಚಿ ನಾಲ್ಕು ಪುಟ ಮಾಡಿ ಜೆರಾಕ್ಸ್ ಹಾಕಿಸಿ ಹಂಚುವ ಪತ್ರಿಕೆ. ಮೂರು, ಪ್ರೆಸ್ಸಿನಲ್ಲಿ ಅಚ್ಚಾಗುವ ವಾರ್ಷಿಕ ಸಂಚಿಕೆ. ಇಲ್ಲಿ ಹೇಳುವುದು ಮುಖ್ಯವಾಗಿ ಎರಡನೆಯ ಬಗೆಗೆ. ಚಿತ್ರ ಕೆಡುವುದು ಅಲ್ಲೇ ಜಾಸ್ತಿ. ಅದಕ್ಕೆ ಸರಿಯಾಗಿ ಬಿಡಿಸಲು ಬಂದರೆ ಉಳಿದೆರಡು ಕಷ್ಟವಾಗುವುದಿಲ್ಲ.

ತರಗತಿಯಲ್ಲಿ ನೀವು ಬಿಡಿಸುವ ಚಿತ್ರಕ್ಕೆ ಇಡೀ ಹಾಳೆ ನಿಮ್ಮದೇ. ಪತ್ರಿಕೆಯ ಚಿತ್ರದ ಹಿಂದೆ ನಾಲ್ಕು ವಿಷಯ ನಿಂತಿರುತ್ತವೆ: ಬೇರೆಯವರು ಬರೆದ ಬರಹ, ಅಳತೆ ಮಾಡಿ ಕೊಟ್ಟ ಜಾಗ, ಕೊಡಬೇಕಾದ ದಿನ, ಕೊನೆಗೆ ಒಂದು ಯಂತ್ರ. ಕೈ ಚೆನ್ನಾಗಿರುವ ಎಷ್ಟೋ ಮಕ್ಕಳು ಈ ನಾಲ್ಕರಲ್ಲಿ ಯಾವುದೋ ಒಂದನ್ನು ಮರೆತು ಬೇಸರ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಸಾಧಾರಣ ಕೈಯವರು ನಾಲ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದೇ ವರ್ಷದಲ್ಲಿ ಚೆನ್ನಾಗಿ ಬೆಳೆದದ್ದನ್ನೂ ನೋಡಿದ್ದೇನೆ.

ಏನೇನು ಬೇಕು

ಎಚ್‌ಬಿ ಮತ್ತು 2ಬಿ ಪೆನ್ಸಿಲು, ರಬ್ಬರು, ಮೆಂಡರ್, ಸ್ಕೇಲು. ಇವು ನಿಮ್ಮ ಹತ್ತಿರ ಇದ್ದೇ ಇರುತ್ತವೆ. 2ಬಿ ಅಂದರೆ ಎಚ್‌ಬಿಗಿಂತ ಮೆದು, ಗೆರೆ ಹೆಚ್ಚು ಕಪ್ಪು.

ಕಪ್ಪು ಡ್ರಾಯಿಂಗ್ ಪೆನ್ನು ಎರಡು: ಒಂದು ಸಣ್ಣ ಗೆರೆಯದು, ಒಂದು ದಪ್ಪ ಗೆರೆಯದು. ನೀರಿಗೆ ಹರಡದ ಇಂಕು ಇರಬೇಕು. ಬಾಲ್ ಪೆನ್ನಿನ ಗೆರೆ ಒಂದೇ ಸಮ ಕಪ್ಪಾಗಿರುವುದಿಲ್ಲ, ಜೆರಾಕ್ಸಿನಲ್ಲಿ ತುಂಡುತುಂಡಾಗಿ ಕಾಣುತ್ತದೆ. ಜೆಲ್ ಪೆನ್ನು ಪರವಾಗಿಲ್ಲ. ಆದರೆ ಒಣಗುವುದು ನಿಧಾನ, ಕೈ ತಾಗಿ ಒರೆಸಿಕೊಂಡು ಹೋಗುತ್ತದೆ.

ಕಪ್ಪು ತುಂಬಲು ಒಂದು ಸಣ್ಣ ಬಾಟಲಿ ಇಂಡಿಯನ್ ಇಂಕು, 2ನೇ ನಂಬರಿನ ದುಂಡು ಬ್ರಶ್ಶು. ತಪ್ಪು ಮುಚ್ಚಲು ಬಿಳಿ ಪೋಸ್ಟರ್ ಕಲರು.

ಕಾಗದ ಮಾತ್ರ ನೋಡಿ ತೆಗೆದುಕೊಳ್ಳಿ. ಜೆರಾಕ್ಸ್ ಹಾಳೆ 75 ಅಥವಾ 80 ಜಿಎಸ್‌ಎಂ ಇರುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅಷ್ಟು ತೆಳು ಹಾಳೆಗೆ ಇಂಕು ಹಾಕಿದರೆ ಅಂಚು ಒಡೆದು ಹರಡುತ್ತದೆ. ಅಂಗಡಿಯಲ್ಲಿ ಕಾರ್ಟ್ರಿಡ್ಜ್ ಶೀಟ್ ಅಂತ ಕೇಳಿ. ಒಂದು ದೊಡ್ಡ ಶೀಟನ್ನು ಕತ್ತರಿಸಿದರೆ ನಾಲ್ಕೈದು ಚಿತ್ರಕ್ಕಾಗುತ್ತದೆ.

ಬಣ್ಣ ಬೇಡ. ಟ್ಯಾಬ್ಲೆಟ್ಟೂ ಬೇಡ. ಮೊದಲ ವರ್ಷವಂತೂ ಬೇಡವೇ ಬೇಡ. ಮನೆಯಲ್ಲಿ ಕೊಡಿಸಿ ಅಂತ ಹಟ ಹಿಡಿಯಬೇಡಿ.

1. ಒಪ್ಪಿಕೊಳ್ಳುವ ಮೊದಲು ಕೇಳಿಕೊಳ್ಳಿ

ಸಂಪಾದಕರು (ನಿಮ್ಮ ಕನ್ನಡ ಟೀಚರ್ ಇರಬಹುದು, ಹತ್ತನೇ ತರಗತಿಯ ಅಕ್ಕ ಇರಬಹುದು) "ಒಂದು ಚಿತ್ರ ಬೇಕು" ಅಂದ ತಕ್ಷಣ ಹೂಂ ಅನ್ನಬೇಡಿ. ಐದು ವಿಷಯ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಯಾವ ಬರಹಕ್ಕೆ? ಎಷ್ಟು ಅಗಲ, ಎಷ್ಟು ಎತ್ತರ? ಕಪ್ಪು ಬಿಳುಪೋ ಬಣ್ಣವೋ? ಚಿತ್ರದೊಳಗೆ ಅಕ್ಷರ ಬೇಕೋ ಬೇಡವೋ? ಯಾವ ದಿನ ಕೊಡಬೇಕು?

ಯಾವ ಬಗೆಯ ಚಿತ್ರ ಅನ್ನುವುದನ್ನೂ ತಿಳಿದುಕೊಳ್ಳಿ. ಕಥೆ ಅಥವಾ ಲೇಖನದ ಜೊತೆ ಬರುವುದು ಬರಹದ ಚಿತ್ರ. ನಗಿಸುತ್ತಾ ಒಂದು ಅಭಿಪ್ರಾಯ ಹೇಳುವುದು ವ್ಯಂಗ್ಯಚಿತ್ರ. ಅದೇ ಒಂದು ಅಂಕಣದ ಅಗಲಕ್ಕೆ ಪುಟ್ಟದಾಗಿದ್ದರೆ ಪಾಕೆಟ್ ಕಾರ್ಟೂನು. ಮಳೆ ಲೆಕ್ಕ, ಕ್ರೀಡಾಕೂಟದ ಅಂಕಗಳ ಥರದ ವಿಷಯವನ್ನು ಚಿತ್ರವಾಗಿ ತೋರಿಸುವುದು ಮಾಹಿತಿ ಚಿತ್ರ. ಪುಟದ ಮೇಲೆ ಪತ್ರಿಕೆಯ ಹೆಸರು ಬರೆದಿರುವ ಪಟ್ಟಿಗೆ ಮಾಸ್ಟ್‌ಹೆಡ್ ಅನ್ನುತ್ತಾರೆ. ಹೊಸಬರು ಬರಹದ ಚಿತ್ರದಿಂದ ಶುರು ಮಾಡಿ. ವ್ಯಂಗ್ಯಚಿತ್ರ ನೋಡಲು ಸುಲಭ, ಮಾಡಲು ಬಹಳ ಕಷ್ಟ.

ಒಂದು ಸಂಚಿಕೆಗೆ ಎರಡು ಚಿತ್ರ ಸಾಕು. ಆರು ಒಪ್ಪಿಕೊಂಡು ಕೊನೆಯ ರಾತ್ರಿ ಕೂತರೆ ಆರೂ ಹಾಳಾಗುತ್ತವೆ. ಆಗ ಮನೆಯವರು "ಓದು ಬಿಟ್ಟು ಇದೇ ಆಯ್ತು" ಅಂದರೆ ಅವರದ್ದು ತಪ್ಪಲ್ಲ.

2. ಬರಹವನ್ನು ಎರಡು ಸಲ ಓದಿ

ಶೀರ್ಷಿಕೆ ನೋಡಿ ಚಿತ್ರ ಬಿಡಿಸುವುದು ನಾನು ಕಂಡ ಅತಿ ದೊಡ್ಡ ತಪ್ಪು. "ನೀರು ಉಳಿಸಿ" ಅಂತ ಶೀರ್ಷಿಕೆ ಇದ್ದರೆ ನೂರಕ್ಕೆ ತೊಂಬತ್ತು ಮಕ್ಕಳು ನಲ್ಲಿ, ಅದರ ಕೆಳಗೊಂದು ಹನಿ, ಹನಿಯೊಳಗೆ ಭೂಮಿ ಬಿಡಿಸುತ್ತಾರೆ. ಆದರೆ ಬರಹದೊಳಗೆ ಶಾಲೆಯ ಹಿಂದಿನ ಸಿಂಟೆಕ್ಸ್ ತುಂಬಿ ಹರಿಯುವುದೋ, ತಟ್ಟೆ ತೊಳೆಯುವಾಗ ನಲ್ಲಿ ಬಿಟ್ಟೇ ಹೋಗುವುದೋ ಇರುತ್ತದೆ. ಚಿತ್ರ ಇರುವುದು ಅಲ್ಲಿ.

ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಕಣ್ಣಿಗೆ ಕಾಣುವ ಮಾತುಗಳ ಕೆಳಗೆ ಗೆರೆ ಎಳೆಯಿರಿ. "ಸಮಸ್ಯೆ", "ಜಾಗೃತಿ", "ಮಹತ್ವ" ಇವು ಕಾಣುವುದಿಲ್ಲ. "ಬಾಗಿಲು", "ತೂತಾದ ಕೊಡೆ", "ಮೂರನೇ ಬೆಂಚು" ಇವು ಕಾಣುತ್ತವೆ. ಗೆರೆ ಎಳೆದ ಮಾತು ಒಂದೂ ಸಿಗದಿದ್ದರೆ ಬರೆದವರ ಹತ್ತಿರವೇ ಹೋಗಿ ಕೇಳಿ: "ಇದು ಎಲ್ಲಿ ನಡೀತು? ಆಗ ಯಾರು ಎಲ್ಲಿ ನಿಂತಿದ್ರು?" ಇದರಿಂದ ಎಷ್ಟೋ ಸಲ ಬರಹವೂ ಸುಧಾರಿಸುತ್ತದೆ.

3. ಬೆಂಕಿಪೊಟ್ಟಣದಷ್ಟು ದೊಡ್ಡ ಕರಡು

ನೋಟ್‌ಬುಕ್ಕಿನಲ್ಲಿ ಬೆಂಕಿಪೊಟ್ಟಣದ ಗಾತ್ರದ ಆರು ಚೌಕ ಹಾಕಿ. ಒಂದೊಂದರಲ್ಲೂ ಒಂದೊಂದು ಯೋಚನೆ. ಒಂದಕ್ಕೆ ಎರಡು ನಿಮಿಷ, ಅಷ್ಟೇ. ಮುಖ, ಬೆರಳು ಯಾವುದೂ ಬೇಡ. ಕಡ್ಡಿಯಂಥ ಮನುಷ್ಯ, ಕಪ್ಪು ಗುಡ್ಡೆ ಸಾಕು. ಇದಕ್ಕೆ ಥಂಬ್‌ನೇಲ್ ಅಂತಾರೆ, ಹೆಬ್ಬೆರಳ ಉಗುರಿನಷ್ಟು ಪುಟ್ಟದು ಅಂತ.

ಒಂದು ಉದಾಹರಣೆ ನೋಡೋಣ. ಬರಹ ಹೀಗಿದೆ ಅಂದುಕೊಳ್ಳಿ: ಬೆಳಗಿನ ಬಸ್ಸು ಮೊದಲ ನಿಲ್ದಾಣದಲ್ಲೇ ತುಂಬಿ ಬರುತ್ತದೆ, ಮೇಲಿನ ಹಳ್ಳಿಯ ಮಕ್ಕಳಿಗೆ ನಿಲ್ಲಿಸುವುದಿಲ್ಲ, ಅವರಿಗೆ ಮೊದಲ ಪೀರಿಯಡ್ ತಪ್ಪುತ್ತದೆ.

ಮೊದಲ ಚೌಕದಲ್ಲಿ ಇಡೀ ಬಸ್ಸನ್ನು ಪಕ್ಕದಿಂದ ಬಿಡಿಸಿದಿರಿ. ಎಲ್ಲರಿಗೂ ಹೊಳೆಯುವುದು ಇದೇ. ಬಸ್ಸು ಕಾಣುತ್ತದೆ, ಕಷ್ಟ ಕಾಣುವುದಿಲ್ಲ. ಎರಡನೆಯದರಲ್ಲಿ ಕಂಡಕ್ಟರ್ ಸಿಟ್ಟಿನಿಂದ ಕೈ ಬೀಸುತ್ತಿದ್ದಾರೆ. ಬರಹದಲ್ಲಿ ಕಂಡಕ್ಟರ್ ಮೇಲೆ ದೂರೇ ಇಲ್ಲ, ಚಿತ್ರ ಸುಳ್ಳು ಹೇಳಿದ ಹಾಗಾಯಿತು. ಮೂರನೆಯದು ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲುಗಳು. ಚೆನ್ನಾಗಿದೆ, ಆದರೆ ಅವರಿಗೆ ಬಸ್ಸು ಸಿಕ್ಕಿದೆ. ನಾಲ್ಕನೆಯದರಲ್ಲಿ ನಾವು ನಿಲ್ದಾಣದ ಮಕ್ಕಳ ಹಿಂದೆ ನಿಂತಿದ್ದೇವೆ. ಮೂರು ಬ್ಯಾಗು, ಎತ್ತಿದ ಒಂದು ಕೈ, ದೂರದಲ್ಲಿ ಧೂಳು, ಧೂಳಿನೊಳಗೆ ಬಸ್ಸಿನ ಹಿಂಬದಿ ಚಿಕ್ಕದಾಗಿ. ಇದನ್ನು ಆರಿಸಿ. ಮುಖವೇ ಇಲ್ಲದಿದ್ದರೂ ಬೇಜಾರು ಗೊತ್ತಾಗುತ್ತದೆ. ಎತ್ತಿದ ಆ ಕೈ ಇನ್ನೂ ಕೆಳಗಿಳಿದಿಲ್ಲ ಅನ್ನುವುದನ್ನು ಗಮನಿಸಿ, ಓದುವವರ ಮನಸ್ಸು ಹಿಡಿಯುವುದು ಅದೇ.

ಆರಿಸಿದ ಕರಡನ್ನು ಸಂಪಾದಕರಿಗೆ ಈಗಲೇ ತೋರಿಸಿ. ಬೆಂಕಿಪೊಟ್ಟಣದಷ್ಟು ಚಿತ್ರ ಬದಲಿಸಲು ಎರಡು ನಿಮಿಷ ಸಾಕು. ಇಂಕು ಹಾಕಿದ ಮೇಲೆ "ಇದು ಬೇಡ" ಅಂದರೆ ಎರಡು ದಿನ ಹೋಗುತ್ತದೆ, ಮನಸ್ಸೂ ಕೆಡುತ್ತದೆ.

4. ನೋಡಿ ಬಿಡಿಸಿ

ಬಸ್ಸಿನ ಹಿಂಬದಿ ನಿಮಗೆ ಗೊತ್ತು ಅಂದುಕೊಂಡಿರುತ್ತೀರಿ. ಕಣ್ಣು ಮುಚ್ಚಿ ಹೇಳಿ ನೋಡೋಣ: ಏಣಿ ಎಡಕ್ಕಿದೆಯೋ ಬಲಕ್ಕೋ? ಸ್ಟೆಪ್ನಿ ಎಲ್ಲಿ? ಹೋಗಿ ನೋಡಿ ಬನ್ನಿ. ನಿಂತಲ್ಲೇ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳಿ. ಕೈ ಎತ್ತಿದ ಭಂಗಿಗೆ ತಮ್ಮನನ್ನೋ ಗೆಳತಿಯನ್ನೋ ಒಂದು ನಿಮಿಷ ನಿಲ್ಲಿಸಿ. ಭಂಗಿಗೆ ಫೋಟೋ ತೆಗೆದುಕೊಂಡು ನೋಡುವುದೂ ತಪ್ಪಲ್ಲ, ಆದರೆ ಫೋಟೋ ನೀವೇ ತೆಗೆದಿರಬೇಕು.

ನೆಟ್‌ನಲ್ಲಿ ಸಿಕ್ಕ ಚಿತ್ರದ ಮೇಲೆ ಕಾಗದ ಇಟ್ಟು ಟ್ರೇಸ್ ಮಾಡಿ ಪತ್ರಿಕೆಗೆ ಕೊಡಬೇಡಿ. ಆ ಚಿತ್ರಕ್ಕೆ ಒಬ್ಬರು ಕಲಾವಿದರಿದ್ದಾರೆ. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಇದೆ, ಕಲಾವಿದರು ಬದುಕಿರುವವರೆಗೂ, ಆಮೇಲೆ 60 ವರ್ಷವೂ ಹಕ್ಕು ಉಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಕಲಿಯಲು ನಕಲು ಮಾಡಿ, ಬೇಕಾದಷ್ಟು ಮಾಡಿ. ಅದಕ್ಕೆ ನಿಮ್ಮ ಹೆಸರು ಹಾಕಿ ಅಚ್ಚಿಗೆ ಕೊಡುವುದು ಬೇರೆ ಮಾತು. ಎಐ ಆ್ಯಪ್ ಮಾಡಿಕೊಟ್ಟ ಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದರಿಂದ ನಿಮ್ಮ ಕೈ ಏನನ್ನೂ ಕಲಿಯುವುದಿಲ್ಲ ಅನ್ನುವುದು ನನಗೆ ಜಾಸ್ತಿ ಬೇಸರದ ವಿಷಯ.

5. ಅಳತೆಯ ಲೆಕ್ಕ

ಇದನ್ನು ನಿಧಾನವಾಗಿ ಓದಿ. ಎ4 ಪುಟ 210 ಮಿ.ಮೀ. ಅಗಲ, 297 ಎತ್ತರ. ಎರಡೂ ಬದಿ 15 ಮಿ.ಮೀ. ಬಿಟ್ಟರೆ ಉಳಿಯುವುದು 180. ಅದನ್ನು ಮೂರು ಅಂಕಣ ಮಾಡಿ ನಡುವೆ 5 ಮಿ.ಮೀ. ಜಾಗ ಬಿಟ್ಟರೆ ಒಂದು ಅಂಕಣಕ್ಕೆ 56 ಮಿ.ಮೀ. ಚಿಲ್ಲರೆ ಸಿಗುತ್ತದೆ. ಎರಡು ಅಂಕಣದ ಚಿತ್ರಕ್ಕೆ, ನಡುವಿನ ಜಾಗವೂ ಸೇರಿ, ಸುಮಾರು 118 ಮಿ.ಮೀ.

ಈಗ ಇದರ ಎರಡರಷ್ಟು ದೊಡ್ಡದಾಗಿ ಬಿಡಿಸಿ. ಜಾಗ 118 ಅಗಲ, 80 ಎತ್ತರ ಇದ್ದರೆ ನಿಮ್ಮ ಚೌಕಟ್ಟು 236 ಅಗಲ, 160 ಎತ್ತರ. ಎ4 ಹಾಳೆಯನ್ನು ಅಡ್ಡ ಇಟ್ಟರೆ ಆರಾಮಾಗಿ ಕೂರುತ್ತದೆ. ಅಚ್ಚಿಗೆ 50%ಗೆ ಇಳಿಸುತ್ತಾರೆ. ಇಳಿಸಿದಾಗ ಕೈ ನಡುಗಿದ ಗೆರೆಗಳೂ ಚಿಕ್ಕದಾಗಿ, ಚಿತ್ರ ಚೊಕ್ಕಟವಾಗಿ ಕಾಣುತ್ತದೆ.

ಆದರೆ ಗೆರೆಯೂ ಅರ್ಧವಾಗುತ್ತದೆ. 0.4 ಮಿ.ಮೀ. ಗೆರೆ 0.2 ಆಗುತ್ತದೆ. ಅತಿ ಸಣ್ಣ ಪೆನ್ನಿನಲ್ಲಿ ಎಳೆದ ರೆಪ್ಪೆ, ಕೂದಲು ಜೆರಾಕ್ಸಿನಲ್ಲಿ ಮಾಯವಾಗುತ್ತವೆ. ಹಾಗಾಗಿ ದೊಡ್ಡದಾಗಿ ಬಿಡಿಸುವಾಗ ಪೆನ್ನೂ ದಪ್ಪದ್ದೇ ಹಿಡಿಯಿರಿ.

ಅಗಲವನ್ನು ಮಾತ್ರ ದೊಡ್ಡದು ಮಾಡಿ ಎತ್ತರವನ್ನು ಅಂದಾಜಿನಲ್ಲಿ ಬಿಟ್ಟುಬಿಡುವುದು ಇನ್ನೊಂದು ತಪ್ಪು. ಆಮೇಲೆ ಡಿಟಿಪಿ ಮಾಡುವವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಚಿತ್ರವನ್ನು ಎಳೆದು ಕೂರಿಸುತ್ತಾರೆ, ಮನುಷ್ಯರೆಲ್ಲ ಕುಳ್ಳಗೆ ದಪ್ಪಗೆ ಆಗುತ್ತಾರೆ. ಲೆಕ್ಕ ಬೇಡ ಅನ್ನಿಸಿದರೆ ಹೀಗೆ ಮಾಡಿ: ಹಾಳೆಯ ಮೂಲೆಯಲ್ಲಿ ನಿಜವಾದ ಅಳತೆಯ ಆಯತ ಹಾಕಿ. ಅದರ ಎಡ ಕೆಳ ಮೂಲೆಯಿಂದ ಬಲ ಮೇಲಿನ ಮೂಲೆಗೆ ಓರೆಗೆರೆ ಎಳೆದು ಹಾಗೇ ಮುಂದುವರಿಸಿ. ಆ ಓರೆಗೆರೆಯ ಮೇಲೆ ಎಲ್ಲಿ ಬಲ ಮೇಲಿನ ಮೂಲೆ ಇಟ್ಟು, ಅದೇ ಎಡ ಕೆಳ ಮೂಲೆಯಿಂದ ಆಯತ ಹಾಕಿದರೂ ಅಳತೆ ಸರಿಯಾಗಿ ಹೊಂದುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ "71%ಗೆ ಇಳಿಸಿ" ಅನ್ನುವುದನ್ನು ಕೇಳಿರಬಹುದು. ಎ3 ಹಾಳೆ ಎ4 ಆಗುವುದು ಆ ಲೆಕ್ಕದಲ್ಲಿ. ತಿರುಗಿಸಿ ದೊಡ್ಡದು ಮಾಡಲು 141%. ಯಂತ್ರ ಹಾಳೆಯ ಅಂಚಿನವರೆಗೆ ಅಚ್ಚು ಹಾಕುವುದಿಲ್ಲ ಅನ್ನುವುದೂ ನೆನಪಿರಲಿ. ಪುಟದ ಅಂಚಿಗೆ ತಾಗುವ ಚಿತ್ರ ಕತ್ತರಿಸಿ ಹೋಗುತ್ತದೆ.

6. ಇಂಕು: ಕಾಗೆಯಿಂದ ಕಲಿಯಿರಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಪೆನ್ಸಿಲಿನಲ್ಲಿ ಮೃದುವಾಗಿ ಉಜ್ಜಿ ಮಾಡಿದ ಬೂದು ಛಾಯೆಯನ್ನು ಜೆರಾಕ್ಸ್ ಯಂತ್ರ ಸರಿಯಾಗಿ ಹಿಡಿಯುವುದಿಲ್ಲ. ತಿಳಿ ಬೂದು ಬಿಳಿಯಾಗಿ ಹೋಗುತ್ತದೆ, ದಟ್ಟ ಬೂದು ಕಪ್ಪು ಕಲೆಯಾಗುತ್ತದೆ. ಬೆರಳಿನಿಂದ ಉಜ್ಜಿ ಶೇಡ್ ಮಾಡುವ ಅಭ್ಯಾಸ ಸ್ಪರ್ಧೆಗೆ ಇಟ್ಟುಕೊಳ್ಳಿ. ಪತ್ರಿಕೆಗೆ ಕಪ್ಪು, ಬಿಳಿ, ಗೆರೆ. ಇಷ್ಟರಲ್ಲೇ ಎಲ್ಲವನ್ನೂ ಹೇಳಬೇಕು.

ಬೂದು ಬೇಕಾದ ಕಡೆ ಅಕ್ಕಪಕ್ಕ ಗೆರೆ ಎಳೆಯಿರಿ, ಇದಕ್ಕೆ ಹ್ಯಾಚಿಂಗ್ ಅಂತಾರೆ. ಇನ್ನೂ ದಟ್ಟ ಬೇಕಾದರೆ ಅದರ ಮೇಲೆ ಅಡ್ಡ ಗೆರೆ, ಅದು ಕ್ರಾಸ್ ಹ್ಯಾಚಿಂಗ್. ಚುಕ್ಕಿ ಇಟ್ಟೂ ಬೂದು ಮಾಡಬಹುದು, ಬಹಳ ಹೊತ್ತು ಹಿಡಿಯುತ್ತದೆ ಅಷ್ಟೇ. ಎರಡರಷ್ಟು ದೊಡ್ಡದಾಗಿ ಬಿಡಿಸುವಾಗ ಗೆರೆಗಳ ನಡುವೆ ಒಂದು ಮಿ.ಮೀ.ನಷ್ಟಾದರೂ ಬಿಳಿ ಬಿಡಿ. ಒತ್ತೊತ್ತಾಗಿ ಎಳೆದರೆ ಇಳಿಸಿದಾಗ ಗೆರೆಗಳು ಅಂಟಿಕೊಂಡು ಮಸಿ ಮೆತ್ತಿದ ಹಾಗಾಗುತ್ತದೆ.

ಅಭ್ಯಾಸಕ್ಕೆ ನಾನು ಎಲ್ಲ ಮಕ್ಕಳಿಗೂ ಕೊಡುವುದು ಊರಕಾಗೆ. ಹತ್ತಿರದಿಂದ ನೋಡಿ. ಅದು ಪೂರ್ತಿ ಕಪ್ಪಲ್ಲ. ತಲೆ, ರೆಕ್ಕೆ, ಬಾಲ ಕಪ್ಪು; ಕುತ್ತಿಗೆಯ ಸುತ್ತ, ಎದೆಯ ಹತ್ತಿರ ಬೂದಿ ಬಣ್ಣ. ಅಂದರೆ ಒಂದೇ ಹಕ್ಕಿಯಲ್ಲಿ ಬ್ರಶ್ಶಿನಿಂದ ತುಂಬುವ ಕಪ್ಪೂ ಇದೆ, ಪೆನ್ನಿನಿಂದ ಎಳೆಯುವ ಬೂದೂ ಇದೆ, ಹಾಳೆಯ ಬಿಳಿಯೂ ಇದೆ. ಮೊದಲು ಕುತ್ತಿಗೆಗೆ ಗರಿಯ ದಿಕ್ಕಿನಲ್ಲೇ ಸಣ್ಣ ಗೆರೆ ಎಳೆಯಿರಿ. ಆಮೇಲೆ ರೆಕ್ಕೆಗೆ ಕಪ್ಪು ತುಂಬಿ, ಆದರೆ ಗರಿ ಗರಿಯ ನಡುವೆ ಕೂದಲೆಳೆಯಷ್ಟು ಬಿಳಿ ಉಳಿಸಿ. ಕಣ್ಣಿನಲ್ಲಿ ಒಂದು ಬಿಳಿ ಚುಕ್ಕಿ. ಕೊಕ್ಕಿನ ಮೇಲಂಚಿನಲ್ಲಿ ಒಂದು ಬಿಳಿ ಗೆರೆ. ಅದನ್ನು ಬಿಟ್ಟರೆ ಕೊಕ್ಕು ಇದ್ದಿಲ ತುಂಡಿನ ಹಾಗೆ ಕಾಣುತ್ತದೆ. ಹತ್ತು ಕಾಗೆ ಬಿಡಿಸಿ. ಏಳನೆಯದು ಹಾರಲು ಸಿದ್ಧವಾದ ಹಾಗೆ ಕಂಡೀತು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಜೀವನವಿಡೀ ಕಾಗೆ ಬಿಡಿಸಿದರು. ಚಿಕ್ಕವರಿದ್ದಾಗ ತರಗತಿಯಲ್ಲಿ ಅವರು ಬಿಡಿಸಿದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಬೊಂಬಾಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಅವರು ಮಹಾರಾಜ ಕಾಲೇಜಿನಲ್ಲಿ ಓದುತ್ತಾ, ರಾಶಿಯವರು (ಲೇಖಕ ಡಾ. ಎಂ. ಶಿವರಾಂ) 1942ರಲ್ಲಿ ಶುರು ಮಾಡಿದ ಕನ್ನಡದ ಹಾಸ್ಯ ಪತ್ರಿಕೆ ಕೊರವಂಜಿಯಂಥ ಪತ್ರಿಕೆಗಳಿಗೆ ಚಿತ್ರ ಬಿಡಿಸಿದರು. ಸಣ್ಣ ಪತ್ರಿಕೆ, ಪ್ರತಿ ಸಂಚಿಕೆ, ಹೇಳಿದ ದಿನ. ನಿಮ್ಮ ಕೈಯಲ್ಲೂ ಈಗ ಅಂಥದ್ದೇ ಒಂದು ಪತ್ರಿಕೆ ಇದೆ, ಅದಕ್ಕೇ ಹೇಳಿದೆ.

ಇಂಕು ಹಾಕುವಾಗ ಮೇಲಿನಿಂದ ಕೆಳಕ್ಕೆ, ಬಲಗೈಯವರು ಎಡದಿಂದ ಬಲಕ್ಕೆ ಹೋಗಿ. ಎಡಗೈಯವರು ಬಲದಿಂದ ಶುರು ಮಾಡಿ. ಕೈ ಕೆಳಗೆ ಒಂದು ಕಾಗದ ಇಟ್ಟುಕೊಳ್ಳಿ. ಇಂಕು ಪೂರ್ತಿ ಒಣಗಿದ ಮೇಲೆ ರಬ್ಬರು ಮುಟ್ಟಿ. ಅರ್ಧ ಗಂಟೆ ಕಾಯಲಾರದೆ ಉಜ್ಜಿ ಎರಡು ದಿನದ ಕೆಲಸ ಕೆಡಿಸಿಕೊಂಡವರು ಬಹಳ ಮಂದಿ. ಅಂಗೈಗಿಂತ ದೊಡ್ಡ ಜಾಗವನ್ನು ಪೂರ್ತಿ ಕಪ್ಪು ತುಂಬಬೇಡಿ, ಜೆರಾಕ್ಸಿನಲ್ಲಿ ನಡುನಡುವೆ ಬಿಳಚಿಕೊಳ್ಳುತ್ತದೆ.

ಮುಗಿದ ಮೇಲೆ ಚಿತ್ರವನ್ನು ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಕಣ್ಣು ಅರೆಮುಚ್ಚಿ ನೋಡಿ. ಮುಖ್ಯವಾದದ್ದು ಎದ್ದು ಕಾಣಬೇಕು. ಎಲ್ಲಾ ಒಂದೇ ಬೂದು ಮುದ್ದೆಯಾಗಿ ಕಂಡರೆ ಎಲ್ಲೋ ಕಪ್ಪು ಸಾಲದು, ಇಲ್ಲಾ ಎಲ್ಲೋ ಗೆರೆ ಜಾಸ್ತಿಯಾಗಿದೆ.

7. ಕನ್ನಡ ಅಕ್ಷರಕ್ಕೆ ಜಾಗ ಬಿಡಿ

ವ್ಯಂಗ್ಯಚಿತ್ರದಲ್ಲಿ ಮಾತಿನ ಗುಳ್ಳೆ ಮೊದಲು ಬಿಡಿಸಿ ಆಮೇಲೆ ಅಕ್ಷರ ತುರುಕುವುದನ್ನು ಬಿಟ್ಟುಬಿಡಿ. ಮೊದಲು ಅಕ್ಷರ, ಆಮೇಲೆ ಅದರ ಸುತ್ತ ಗುಳ್ಳೆ.

ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತದೆ. "ರಾಷ್ಟ್ರ", "ಸ್ತ್ರೀ" ಬರೆದು ನೋಡಿ, ಒತ್ತಿನ ಪಕ್ಕ ಇನ್ನೊಂದು ಒತ್ತು. ಕೆಳಗಿನ ಸಾಲಿನ ತಲೆಕಟ್ಟಿಗೆ ಅದು ಹೋಗಿ ತಾಗುತ್ತದೆ. ಅಕ್ಷರದ ಎತ್ತರ 5 ಮಿ.ಮೀ. ಇದ್ದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 10 ರಿಂದ 12 ಮಿ.ಮೀ. ಇರಲಿ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಿಕೊಂಡು ಬರೆಯಿರಿ. ಎರಡರಷ್ಟು ಬಿಡಿಸುವಾಗ ಅಕ್ಷರವೂ ಎರಡರಷ್ಟು ದೊಡ್ಡದಿರಬೇಕು, ಇದು ಎಲ್ಲರೂ ಮರೆಯುವ ವಿಷಯ.

ಗುಳ್ಳೆಯೊಳಗಿನ ಮಾತು ಹತ್ತು ಪದ ದಾಟಿದರೆ ಕತ್ತರಿಸಿ. ಮೊದಲು ಮಾತಾಡುವವರು ಎಡಕ್ಕಿರಲಿ. ಲ-ಳ, ಶ-ಷ, ಅ-ಹ ತಪ್ಪಿದೆಯಾ ಅಂತ ಕನ್ನಡ ಟೀಚರಿಗೆ ಪೆನ್ಸಿಲ್ ಹಂತದಲ್ಲೇ ತೋರಿಸಿ. ಅಚ್ಚಾದ ಮೇಲೆ ಜನ ನಿಮ್ಮ ಚಿತ್ರ ಬಿಟ್ಟು ಆ ಒಂದು ಅಕ್ಷರವನ್ನೇ ನೋಡುತ್ತಾರೆ.

ಟೈಪ್ ಮಾಡಿದ ಅಕ್ಷರವೇ ಬೇಕಾದರೆ ಯುನಿಕೋಡ್ ಫಾಂಟ್ ಬಳಸಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಇವು ಉಚಿತ. ಆದರೂ ವ್ಯಂಗ್ಯಚಿತ್ರಕ್ಕೆ ಕೈಬರಹವೇ ಚಂದ ಅನ್ನುವುದು ನನ್ನ ಅಭಿಪ್ರಾಯ.

8. ಸ್ಕ್ಯಾನ್ ಮಾಡಿ ಕಳಿಸುವುದು

ಸ್ಕ್ಯಾನರ್ ಇದ್ದರೆ ಕಪ್ಪು ಗೆರೆಯ ಚಿತ್ರಕ್ಕೆ 600 ಡಿಪಿಐ, ಬಣ್ಣ ಅಥವಾ ಬೂದು ಛಾಯೆ ಇದ್ದರೆ 300 ಡಿಪಿಐ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅಂತ. 118 ಮಿ.ಮೀ. ಅಗಲದಲ್ಲಿ ಅಚ್ಚಾಗುವ ಚಿತ್ರಕ್ಕೆ 300ರ ಲೆಕ್ಕದಲ್ಲಿ ಸುಮಾರು 1400 ಚುಕ್ಕಿ ಅಗಲ ಬೇಕು, 600ರ ಲೆಕ್ಕದಲ್ಲಿ ಸುಮಾರು 2800. ಕಡತವನ್ನು ಪಿಎನ್‌ಜಿ ಆಗಿ ಉಳಿಸಿ. ಜೆಪೆಗ್ ಗೆರೆಯ ಸುತ್ತ ಕೊಳೆಯಂಥ ಚುಕ್ಕಿ ಸೇರಿಸುತ್ತದೆ.

ಫೋನ್ ಮಾತ್ರ ಇದ್ದರೆ ಹಗಲಿನಲ್ಲಿ ಕಿಟಕಿಯ ಪಕ್ಕ ನೆಲದ ಮೇಲೆ ಚಿತ್ರ ಇಡಿ. ಬಿಸಿಲು ನೇರ ಬೀಳಬಾರದು, ನಿಮ್ಮ ನೆರಳೂ ಬೀಳಬಾರದು. ಫ್ಲ್ಯಾಶ್ ಬೇಡ. ಫೋನನ್ನು ಹಾಳೆಗೆ ಸಮನಾಗಿ ಹಿಡಿಯಿರಿ, ಓರೆಯಾದರೆ ಆಯತ ಮೊರದ ಹಾಗಾಗುತ್ತದೆ. ಆಮೇಲೆ ಗಿಂಪ್ ಅಥವಾ ಕ್ರಿಟಾದಲ್ಲಿ (ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ತಂತ್ರಾಂಶಗಳು, ಎರಡೂ ಉಚಿತ) ಲೆವೆಲ್ಸ್ ಅನ್ನುವ ಆಯ್ಕೆಯಿಂದ ಹಾಳೆಯ ಮಬ್ಬು ತೆಗೆದು ಬಿಳಿ ಮಾಡಿ.

ಈಗ ಅತಿ ಮುಖ್ಯ ಎಚ್ಚರಿಕೆ. ವಾಟ್ಸ್ಆ್ಯಪಿನಲ್ಲಿ ಫೋಟೋ ಅಂತ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. "ಡಾಕ್ಯುಮೆಂಟ್" ಅಂತ ಆರಿಸಿ ಕಳಿಸಿ, ಇಲ್ಲದಿದ್ದರೆ ಮೇಲ್ ಮಾಡಿ. ಚೆನ್ನಾಗಿ ಬಿಡಿಸಿದ ಒಂದು ಮುಖಚಿತ್ರ ಇದೊಂದೇ ಕಾರಣಕ್ಕೆ ಮಸುಕಾಗಿ ಅಚ್ಚಾಗಿದ್ದನ್ನು ನೋಡಿದ್ದೇನೆ. ಬಿಡಿಸಿದ ಹುಡುಗಿ ಆ ಸಂಚಿಕೆಯನ್ನು ಮನೆಗೇ ತೆಗೆದುಕೊಂಡು ಹೋಗಲಿಲ್ಲ.

9. ಬಿಡಿಸುವ ಮೊದಲು ಯೋಚಿಸಬೇಕಾದವು

ಸಹಪಾಠಿಯ ಮೈಕಟ್ಟು, ಬಣ್ಣ, ಬಡತನ, ಮಾತಿನ ತೊದಲು ಇವುಗಳನ್ನು ನಗೆಯ ವಸ್ತು ಮಾಡಬೇಡಿ. ನಾಲ್ಕು ನೂರು ಪ್ರತಿ ಹಂಚಿದ ಮೇಲೆ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ. ಶಿಕ್ಷಕರ ನಗೆಚಿತ್ರ ಬಿಡಿಸುವ ಆಸೆ ಇದ್ದರೆ ಅವರನ್ನೇ ಕೇಳಿ, ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ.

ಕಿರುಕುಳ, ಬಾಲ್ಯವಿವಾಹದಂಥ ವಿಷಯದ ಬರಹ ಇದ್ದರೆ ಯಾವ ಮಗು ಅಂತ ಗುರುತಾಗುವ ಮುಖ, ಮನೆ, ಬೀದಿ ಬಿಡಿಸಬಾರದು. ಪೋಕ್ಸೊ ಕಾಯ್ದೆ, ಬಾಲನ್ಯಾಯ ಕಾಯ್ದೆ ಎರಡೂ ಮಗುವಿನ ಗುರುತು ಬಯಲು ಮಾಡುವುದನ್ನು ತಡೆಯುತ್ತವೆ. ಇಂಥ ಚಿತ್ರವನ್ನು ಶಿಕ್ಷಕರ ಜೊತೆ ಕೂತೇ ಮಾಡಿ.

ಆಗಸ್ಟ್ ಮತ್ತು ನವೆಂಬರ್ ಸಂಚಿಕೆಯಲ್ಲಿ ಧ್ವಜ, ನಕ್ಷೆ ಬರುತ್ತವೆ. ರಾಷ್ಟ್ರಧ್ವಜದ ಅಗಲ ಎತ್ತರ 3:2, ಚಕ್ರಕ್ಕೆ 24 ಕಡ್ಡಿ. ಎಣಿಸಿ. ಕನ್ನಡ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಕಪ್ಪು ಬಿಳುಪಿನಲ್ಲಿ ಮೇಲಿನ ಪಟ್ಟಿ ಬಿಳಿ ಬಿಟ್ಟು ಕೆಳಗಿನದಕ್ಕೆ ಹ್ಯಾಚಿಂಗ್ ಮಾಡಿದರೆ ಸರಿಹೋಗುತ್ತದೆ. ಭಾರತದ ನಕ್ಷೆಯನ್ನು ನೆನಪಿನಿಂದ ಬಿಡಿಸಬೇಡಿ, ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆ ನೋಡಿ ಗಡಿ ಹಾಕಿ. ಕರ್ನಾಟಕದ ನಕ್ಷೆ ಹಳೆಯ ಪುಸ್ತಕದ್ದಾದರೆ 30 ಜಿಲ್ಲೆ ಇರುತ್ತದೆ. 2021ರಲ್ಲಿ ವಿಜಯನಗರ ಸೇರಿ ಈಗ 31.

10. ಸಂಚಿಕೆ ಸಂಚಿಕೆಗೂ ಬೆಳೆಯುವುದು

ಕೊಡಲು ಹತ್ತು ದಿನ ಇದ್ದರೆ ಮೊದಲ ಮೂರು ದಿನ ಓದು ಮತ್ತು ಕರಡು, ಮುಂದಿನ ಎರಡು ದಿನ ಪೆನ್ಸಿಲು, ಎರಡು ದಿನ ಇಂಕು, ಒಂದು ದಿನ ಸ್ಕ್ಯಾನು. ಉಳಿದ ಎರಡು ದಿನ ತಿದ್ದುಪಡಿಗೆ. ಯಾರಾದರೂ ತಿದ್ದು ಹೇಳಿದರೆ "ಯಾವುದು ಅರ್ಥವಾಗಲಿಲ್ಲ?" ಅಂತ ಕೇಳಿ. "ಚೆನ್ನಾಗಿಲ್ಲ" ಅನ್ನುವ ಮಾತಿನಿಂದ ಏನೂ ತಿದ್ದಲಾಗುವುದಿಲ್ಲ. "ಬಸ್ಸು ಬರ್ತಿದೆಯೋ ಹೋಗ್ತಿದೆಯೋ ಗೊತ್ತಾಗಲಿಲ್ಲ" ಅಂದರೆ ತಿದ್ದಬಹುದು.

ಸಂಚಿಕೆಗಳ ನಡುವೆ ದಿನಕ್ಕೆ ಹತ್ತು ನಿಮಿಷ ಶಾಲೆಯಲ್ಲಿರುವುದನ್ನೇ ಬಿಡಿಸಿ: ಸೈಕಲ್ ಸ್ಟ್ಯಾಂಡು, ಬಿಸಿಯೂಟದ ಸಾಲು, ಬೆಂಚಿಗೆ ನೇತುಹಾಕಿದ ಬ್ಯಾಗು, ಸೌಟು ಹಿಡಿದ ಕೈ. ಕೈಬೆರಳು ಬಿಡಿಸಲು ಬರಲ್ಲ ಅಂತ ಎಲ್ಲರನ್ನೂ ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲಿಸುವ ಮಕ್ಕಳಿದ್ದಾರೆ. ನಿಮ್ಮ ಎಡಗೈ ಸದಾ ನಿಮ್ಮ ಎದುರಿಗೇ ಇದೆ ಅಲ್ವಾ, ಅದನ್ನೇ ಬಿಡಿಸಿ.

ಆಸಕ್ತಿ ಇದ್ದರೆ ಶಾಲಾ ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಬಗ್ಗೆ ನಿಮ್ಮ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ. ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿ ನೋಡಿ ಬನ್ನಿ. ಅಚ್ಚಾದ ಪುಟಕ್ಕೂ ಮೂಲ ಚಿತ್ರಕ್ಕೂ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ತಿಳಿಯಲು ಮೂಲವನ್ನು ಕಣ್ಣಾರೆ ನೋಡಬೇಕು.

ನಿಮ್ಮದೇ ಚಿತ್ರದಲ್ಲೂ ಇದನ್ನು ಮಾಡಿ. ಪತ್ರಿಕೆ ಕೈಗೆ ಬಂದ ದಿನ ಮೂಲ ಚಿತ್ರವನ್ನು ಪಕ್ಕಕ್ಕಿಟ್ಟು ಹತ್ತು ನಿಮಿಷ ಹೋಲಿಸಿ. ಯಾವ ಗೆರೆ ಮಾಯವಾಯಿತು? ಎಲ್ಲಿ ಕಪ್ಪು ಅಂಟಿಕೊಂಡಿತು? ಅಕ್ಷರ ಓದಲು ಬರುತ್ತದಾ? ಬರಹ ಬರೆದವರಲ್ಲದ ಇಬ್ಬರಿಗೆ ಚಿತ್ರ ಮಾತ್ರ ತೋರಿಸಿ "ಏನು ನಡೀತಿದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಮೂರು ಸಾಲು ಟಿಪ್ಪಣಿ. ಒಂದು ವರ್ಷದಲ್ಲಿ ನಿಮ್ಮ ಶಾಲೆಯ ಯಂತ್ರಕ್ಕೆ ಯಾವ ಪೆನ್ನು, ಎಷ್ಟು ಅಂತರ, ಎಷ್ಟು ಕಪ್ಪು ಸರಿ ಅನ್ನುವುದು ನಿಮ್ಮ ಹತ್ತಿರ ಬರೆದಿಟ್ಟ ಲೆಕ್ಕವಾಗಿರುತ್ತದೆ.

ಮೂಲ ಚಿತ್ರವನ್ನು ಮಡಚಬೇಡಿ, ಸುತ್ತಿಡಬೇಡಿ. ಎರಡು ರಟ್ಟಿನ ನಡುವೆ ಮಟ್ಟಸವಾಗಿ ಇಡಿ. ಹಿಂಬದಿಯಲ್ಲಿ ತಿಂಗಳು, ಬರಹದ ಹೆಸರು, ಎಷ್ಟು ಶೇಕಡಾ ಇಳಿಸಿದ್ದು, ಯಾವ ಪೆನ್ನು ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನಲ್ಲಿ ಬರೆದರೆ ಮುಂಬದಿಗೆ ಮೂಡುತ್ತದೆ.